ಬೆನೆಗಲ್ ನರಸಿಂಗರಾಯರು

ನಮ್ಮ ರಾಜ್ಯಾಂಗದ ಹೆಸರೆತ್ತಿದೊಡನೆ ಡಾ. ಅಂಬೇಡ್ಕರರ ಮೂರ್ತಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದು ಸಹಜವೂ ಹೌದು, ನ್ಯಾಯವೂ ಹೌದು. ಆದರೆ 1949ರ ನವೆಂಬರ್ 25ರಂದು ರಾಜ್ಯಾಂಗ ಸಭೆಯಲ್ಲಿ ಮಾತನಾಡುತ್ತ ಸ್ವತಃ ಅಂಬೇಡ್ಕರರೇ, ತಮಗೆ ಸಲ್ಲುತ್ತಿರುವ ಕೀರ್ತಿಯಲ್ಲಿ ಒಂದು ಪಾಲು ಇನ್ನೊಬ್ಬರಿಗೆ ಸೇರತಕ್ಕದ್ದೆಂದು ಹೇಳಿದರು. ಆ ಇನ್ನೊಬ್ಬರು ಸಭೆಯ ಸದಸ್ಯರಾಗಿರಲಿಲ್ಲ. ಅವರಿಗೆ ಅಲ್ಲಿ ಭಾಷಣ ಮಾಡುವ ಅಧಿಕಾರವಾಗಲಿ ಕೈಯೆತ್ತುವ ಅಧಿಕಾರವಾಗಲಿ ಇರಲಿಲ್ಲ. ಬರೆದು ಕೊಡುವುದು, ತಿದ್ದುವುದು, ತಿಳಿಯದವರಿಗೆ ತಿಳಿಸುವುದು ಇಷ್ಟೇ ಅವರ ಕೆಲಸ. ಅವರೇ ನಮ್ಮ ಕರಾವಳಿಯ ಸರ್ ಬೆನೆಗಲ್ ನರಸಿಂಗರಾಯರು.

ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1887ರ ಫೆಬ್ರವರಿ 26ರಂದು ರಾಯರ ಜನನವಾಯಿತು. ತಂದೆ ರಾಘವೇಂದ್ರರಾಯರು ವೈದ್ಯರು, ಮನೆಮಾತು ಕೊಂಕಣಿ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದರಾಸು ಪ್ರಾಂತಕ್ಕೇ ಮೊದಲಿಗರಾದರು. ಮುಂದೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತವನ್ನು ಅಭ್ಯಾಸ ಮಾಡಿ, 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಳಕ್ಕೆ ಬಂದರು. ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿಯೂ ಅನಂತರ ಅಸ್ಸಾಂ ಸರಕಾರದ ಕಾನೂನು ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿದರು. ಗಣಿತ ಓದಿದವರು ಕಾನೂನಿಗೆ ಬಂದುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ಆಗುವ ಅನರ್ಥವೇ ಕಾನೂನಿನಲ್ಲಿ ಒಂದು ಮಾತು ತಪ್ಪಿದರೂ ಆಗುತ್ತದೆ.

ಇದಕ್ಕೆ ಅವರ ಜೀವನದ ಎರಡು ಪ್ರಸಂಗಗಳನ್ನು ಹೇಳಬಹುದು. ಮೊದಲನೆಯದು 1935ರದು. ಆ ವರ್ಷ ಹೊಸದೊಂದು ಭಾರತ ಸರಕಾರ ಕಾಯಿದೆ ಬಂದಿತು. ಕೇಂದ್ರಕ್ಕೊಂದು, ಪ್ರಾಂತಗಳಿಗೊಂದು, ಇಬ್ಬರಿಗೂ ಸೇರಿದ್ದು ಇನ್ನೊಂದು, ಹೀಗೆ ಅಧಿಕಾರದ ಮೂರು ಪಟ್ಟಿಗಳಾದವು. ಬ್ರಹ್ಮದೇಶ ಬೇರೆಯಾಯಿತು. ಆದರೆ ಅದಕ್ಕಿಂತ ಹಿಂದೆ ಆಗಿದ್ದ ನೂರಾರು ಕಾಯಿದೆಗಳಲ್ಲಿ ಹಳೆಯ ಅಧಿಕಾರಿಗಳ ಹಳೆಯ ಹೆಸರುಗಳೇ ಉಳಿದಿದ್ದವು. ನಮ್ಮ ಹಳ್ಳಿಯವರಿಗೆ ಇದನ್ನು ಹೇಳುವುದು ಸುಲಭ. ಅಣ್ಣತಮ್ಮಂದಿರು ಪಾಲಾದ ಮೇಲೂ ಪಹಣಿಯಲ್ಲಿ ಅಜ್ಜನ ಹೆಸರೇ ಇದ್ದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಬೆಳೆ ಪರಿಹಾರ ಬರುವುದಿಲ್ಲ. ಹೊಲ ಅದೇ, ಉಳುವವನು ಅವನೇ, ಕಾಗದ ಮಾತ್ರ ಬೇರೆ. ದೇಶದ ಕಾಯಿದೆಗಳಿಗೆಲ್ಲ ಇಂಥ ಖಾತೆ ಬದಲಾವಣೆ ಮಾಡುವ ಹೊಣೆ ರಾಯರ ಮೇಲೆ ಬಿದ್ದಿತು. ಪ್ರತಿಯೊಂದು ಕಾಯಿದೆಯನ್ನೂ ಓದಿ, ಸ್ಥಳೀಯ ಸರಕಾರ ಎಂದಿದ್ದಲ್ಲಿ ಪ್ರಾಂತ ಸರಕಾರ ಎಂದು ತಿದ್ದಬೇಕು. ಆ ಅಧಿಕಾರ ಈಗ ಪ್ರಾಂತದ್ದೋ ಕೇಂದ್ರದ್ದೋ ಎಂದು ಮೊದಲು ನಿರ್ಣಯಿಸಬೇಕು. 1937ರಲ್ಲಿ ಆ ತಿದ್ದುಪಡಿಗಳೆಲ್ಲ ಒಂದೇ ಆಜ್ಞೆಯಾಗಿ ಜಾರಿಗೆ ಬಂದವು. ಇಂಥ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ. ಆದರೆ ಅದು ಆಗದಿದ್ದರೆ ನ್ಯಾಯಾಲಯಗಳು ಮರುದಿನವೇ ಗೊಂದಲಕ್ಕೆ ಬೀಳುತ್ತಿದ್ದವು.

ಎರಡನೆಯದು ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ್ದು. 1937ರಲ್ಲಿಯೇ ಹಿಂದೂ ವಿಧವೆಗೆ ಗಂಡನ ಆಸ್ತಿಯಲ್ಲಿ ಮಗನಷ್ಟೇ ಪಾಲನ್ನು, ಅವಳು ಬದುಕಿರುವವರೆಗೆ ಮಾತ್ರ, ಕೊಡುವ ಕಾಯಿದೆಯೊಂದು ಕೇಂದ್ರದಲ್ಲಿ ಆಯಿತು. ಆದರೆ ಮೂರು ಪಟ್ಟಿಗಳಲ್ಲಿ ಉತ್ತರಾಧಿಕಾರದ ವಿಷಯ ಬರುವಲ್ಲಿ, ಸಾಗುವಳಿಯ ಭೂಮಿಯನ್ನು ಬಿಟ್ಟು ಎಂಬರ್ಥದ ಒಂದು ಸಣ್ಣ ಮಾತು ಸೇರಿತ್ತು. ಭೂಮಿ ಪ್ರಾಂತಗಳ ಪಾಲಿನದು. ಆದ್ದರಿಂದ ಕೇಂದ್ರದ ಈ ಕಾಯಿದೆ ಪ್ರಾಂತಗಳ ಹೊಲಕ್ಕೆ ತಾಗುವುದಿಲ್ಲವೆಂದು ಫೆಡರಲ್ ನ್ಯಾಯಾಲಯ 1941ರಲ್ಲಿ ತೀರ್ಮಾನಿಸಿತು. ಹೊಲವೊಂದೇ ಆಸ್ತಿಯಾಗಿರುವ ನಾಡಿನಲ್ಲಿ ಹೊಲ ಬಿಟ್ಟು ಉಳಿದುದರಲ್ಲಿ ಪಾಲು ಎಂದರೆ ಏನು ಸಿಕ್ಕಂತಾಯಿತು? (ನಮ್ಮ ಬೀದರ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದರಿಂದ, ಬ್ರಿಟಿಷ್ ಇಂಡಿಯಾದ ಆ ಅರೆಪಾಲಿನ ಕಾಯಿದೆಯೂ ಇಲ್ಲಿಗೆ ತಾನಾಗಿ ಬರುವಂತಿರಲಿಲ್ಲ.)

ಇಂಥ ಲೋಪಗಳನ್ನು ಸರಿಪಡಿಸಲು ಅದೇ 1941ರಲ್ಲಿ ಹಿಂದೂ ಕಾನೂನು ಸಮಿತಿಯೊಂದು ನೇಮಕವಾಗಿ ರಾಯರು ಅದರ ಅಧ್ಯಕ್ಷರಾದರು. ಹರಿದ ಅಂಗಿಗೆ ತೇಪೆ ಹಚ್ಚುತ್ತ ಹೋದರೆ ಪ್ರಯೋಜನವಿಲ್ಲ, ಇಡೀ ಹಿಂದೂ ಕಾನೂನನ್ನೇ ಕ್ರಮವಾಗಿ ಬರೆಯಬೇಕು ಎಂಬುದು ಸಮಿತಿಯ ಅಭಿಪ್ರಾಯವಾಯಿತು. 1944ರಲ್ಲಿ ಪುನಃ ಕೂಡಿದ ಸಮಿತಿ ಕರಡನ್ನು ಸಿದ್ಧಪಡಿಸಿ, ದೇಶಭಾಷೆಗಳಿಗೆ ಅನುವಾದ ಮಾಡಿಸಿ ಜನರ ಕೈಗೆ ಕೊಟ್ಟಿತು. 1945ರಲ್ಲಿ ಮುಂಬಯಿ, ಪುಣೆ, ಮದರಾಸು, ಕಲಕತ್ತೆ, ಲಾಹೋರ್ ಮುಂತಾದ ಊರುಗಳಿಗೆ ಹೋಗಿ ಸಾಕ್ಷ್ಯ ಪಡೆಯಿತು. ವಿರೋಧವೂ ಬಹಳವಾಗಿತ್ತು, ಸಮಿತಿಯ ಒಬ್ಬ ಸದಸ್ಯರೇ ಭಿನ್ನಮತ ಬರೆದರು. ಮಗಳಿಗೆ ಮಗನ ಪಾಲಿನ ಅರ್ಧವಾದರೂ ಸಿಗಬೇಕೆಂದು ಕರಡಿನಲ್ಲಿ ಇತ್ತು. ನನಗೆ ಆ ಅರ್ಧಕ್ಕಿಂತಲೂ ದೊಡ್ಡದಾಗಿ ಕಾಣುವುದು ಕಾಯಿದೆಯಾಗುವ ಮೊದಲೇ ಅದನ್ನು ಜನರ ಭಾಷೆಯಲ್ಲಿ ಜನರ ಮುಂದಿಟ್ಟ ಆ ಕ್ರಮ.

ಹಾಗೇಕೆ ಕಾಣುತ್ತದೆಂಬುದನ್ನೂ ಹೇಳಿಬಿಡುತ್ತೇನೆ. ಮನ್ನಳ್ಳಿಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲು. ಅದಕ್ಕಾಗಿ ಓಣಿಯವರು ಯಾವ ಕಾಗದ ಬಂದರೂ ನನ್ನ ಮುಂದೆ ಹಿಡಿಯುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಅತ್ತಿಯವರ, ಎಂದರೆ ಅಪ್ಪನ ಅಕ್ಕನ ಮುಂದೆ ಒಂದು ಕಾಗದ ಬಂದಿತು. ಅದು ಬರೀ ಹೆಸರು ಬದಲಾಯಿಸುವ ಕಾಗದ, ಹೆಬ್ಬೆಟ್ಟು ಒತ್ತಿದರಾಯಿತು ಎಂದು ಎಲ್ಲರೂ ಹೇಳಿದರು. ನಾನು ಓದಿ ನೋಡಿದೆ. ಅದು ಹಕ್ಕು ಬಿಡುಗಡೆ ಪತ್ರ. ಕನ್ನಡದಲ್ಲಿಯೇ ಇತ್ತು, ಆದರೆ ಆ ಕನ್ನಡ ಅತ್ತಿಗೆ ತಿಳಿಯುವಂಥದಲ್ಲ, ನನಗೂ ಎರಡು ಸಲ ಓದಬೇಕಾಯಿತು. ಒತ್ತಿದರೆ ಹೊಲದಲ್ಲಿ ಅವರ ಪಾಲು ಉಳಿಯುವುದಿಲ್ಲವೆಂದು ನಮ್ಮ ಕಡೆಯ ಮಾತಿನಲ್ಲಿ ಬಿಡಿಸಿ ಹೇಳಿದೆ. ಅತ್ತಿ ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಕಾಗದವನ್ನು ಮಡಚಿ ಅಪ್ಪನ ಕೈಗೆ ಕೊಟ್ಟು, ನಾಳೆ ನೋಡೋಣವೆಂದರು. ಆ ನಾಳೆ ಇನ್ನೂ ಬಂದಿಲ್ಲ. ಅಪ್ಪ ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ರಾಯರ ಕಥೆಗೆ ಬರುತ್ತೇನೆ. ಕಲಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿ, ಸ್ವಲ್ಪ ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಇದ್ದ ಮೇಲೆ, 1946ರಲ್ಲಿ ಅವರು ರಾಜ್ಯಾಂಗ ಸಭೆಯ ಸಲಹೆಗಾರರಾದರು. ಇದಕ್ಕೆ ಅವರು ಸಂಬಳ ಪಡೆಯಲಿಲ್ಲ. ಸಭೆಯಲ್ಲಿ ವಕೀಲರಿದ್ದಂತೆ ಕಾನೂನು ಓದದವರೂ ಇದ್ದರು. ಅವರೆಲ್ಲರಿಗಾಗಿ ಬೇರೆ ಬೇರೆ ದೇಶಗಳ ರಾಜ್ಯಾಂಗಗಳು ಏನು ಹೇಳುತ್ತವೆಂದು ಪುಸ್ತಿಕೆಗಳನ್ನು ಸಿದ್ಧಪಡಿಸಿದರು. ರಾಷ್ಟ್ರಾಧ್ಯಕ್ಷರನ್ನು ಆರಿಸುವುದು ಹೇಗೆ ಎಂಬಂಥ ಪ್ರಶ್ನೆಗಳ ಪಟ್ಟಿ ಮಾಡಿ ಸದಸ್ಯರಿಗೆ ಕಳಿಸಿದರು. 1947ರ ಅಕ್ಟೋಬರಿನಲ್ಲಿ 243 ವಿಧಿಗಳ ಮೊದಲ ಕರಡು ಅವರ ಕಚೇರಿಯಿಂದ ಹೊರಬಂದಿತು. ಅಂಬೇಡ್ಕರರ ಸಮಿತಿ ಅದನ್ನು ಒರೆಗೆ ಹಚ್ಚಿ 315 ಮಾಡಿತು. ಕೊನೆಗೆ 395 ಆದವು. ಉತ್ತರಾಧಿಕಾರದ ಬಾಬಿನಲ್ಲಿ ಭೂಮಿಯನ್ನು ಹೊರಗಿಡುತ್ತಿದ್ದ ಆ ಸಣ್ಣ ಮಾತು ಹೊಸ ರಾಜ್ಯಾಂಗದ ಪಟ್ಟಿಯಲ್ಲಿ ಇಲ್ಲ. ಆಮೇಲೂ ತಿದ್ದುಪಡಿಗಳು ಬರುತ್ತಲೇ ಇವೆ. 2012ರ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಹೆಸರನ್ನು ನಾವು ಅರ್ಜಿ ತುಂಬುವಾಗಲೆಲ್ಲ ಹೇಳುತ್ತೇವೆ. ಅದನ್ನು ತೆರೆದು ಓದಿದ ಸಹಪಾಠಿಗಳು ಎಷ್ಟು ಮಂದಿ?

ಒಂದು ವಿಷಯದಲ್ಲಿ ನನಗೆ ರಾಯರ ಅಭಿಪ್ರಾಯ ಒಪ್ಪಿಗೆಯಾಗುವುದಿಲ್ಲ. ಅಮೆರಿಕೆಗೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದ ಮೇಲೆ, ಶಾಸನಸಭೆ ಮಾಡಿದ ಕಾನೂನು ನ್ಯಾಯವಾದುದೇ ಎಂದು ತೂಗುವ ವಿಶಾಲ ಅಧಿಕಾರ ನ್ಯಾಯಾಧೀಶರಿಗೆ ಇರುವುದು ಒಳ್ಳೆಯದಲ್ಲವೆಂದು ಅವರಿಗೆ ತೋರಿತು. ವ್ಯಕ್ತಿಸ್ವಾತಂತ್ರ್ಯದ 21ನೆಯ ವಿಧಿಯ ಮಾತು ಅದರಂತೆ ಬಿಗಿಯಾಯಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಬಿಗಿಯನ್ನು ಸಡಿಲಿಸುವವರೆಗೆ, ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರಿಗೆ ಅದರಿಂದ ತೊಂದರೆಯೇ ಆಯಿತು.

ಅನಂತರ ರಾಯರು ಸಂಯುಕ್ತ ರಾಷ್ಟ್ರಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಹತ್ತಿಕೊಂಡಾಗ ಭದ್ರತಾ ಸಮಿತಿಯ ಅಧ್ಯಕ್ಷಪೀಠ ಅವರದಾಗಿತ್ತು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಎರಡು ವರ್ಷ ತುಂಬುವ ಮೊದಲೇ, 1953ರ ನವೆಂಬರ್ 30ರಂದು, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ತೀರಿಕೊಂಡರು.

ಹಿಂದೂ ಉತ್ತರಾಧಿಕಾರ ಕಾಯಿದೆ ಪಾಸಾದುದು 1956ರಲ್ಲಿ. ಅದನ್ನು ಅವರು ಕಾಣಲಿಲ್ಲ. ಪಿತ್ರಾರ್ಜಿತದಲ್ಲಿ ಮಗಳು ಹುಟ್ಟಿನಿಂದಲೇ ಮಗನ ಸಮಾನಳೆಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ ಇಡೀ ದೇಶಕ್ಕೆ 2005ರಲ್ಲಿಯೂ ಜಾರಿಗೆ ಬಂದಿತು.