ರಾಯಭಾರಿಯ ಮೌನ

ಮಾತು ಬೆಳ್ಳಿ, ಮೌನ ಬಂಗಾರವೆಂದು ನಮ್ಮಲ್ಲೊಂದು ಗಾದೆಯುಂಟು. ರಾಜತಂತ್ರಜ್ಞನಿಗೆ ಇದು ಕುಲಧರ್ಮವೇ ಸರಿ. ಆದರೆ ಆರ್ತರ ರಕ್ಷಣೆಯ ಹೊಣೆ ಹೊತ್ತವನಿಗೂ ಈ ಧರ್ಮ ಸಲ್ಲುವುದೆ? ಸ್ವಿಟ್ಜರ್ಲೆಂಡಿನ ಕಾರ್ಲ್ ಯಾಕೋಬ್ ಬುರ್ಕ್‌ಹಾರ್ಟರ ಜೀವನವನ್ನು ಅವಲೋಕಿಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ಅವರು 1891ರಲ್ಲಿ ಬಾಸೆಲ್ ನಗರದ ಪ್ರತಿಷ್ಠಿತ ಮನೆತನವೊಂದರಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧ ಮುಗಿಯುವ ವೇಳೆಗೆ ವಿಯೆನ್ನಾದ ಸ್ವಿಸ್ ರಾಯಭಾರ ಕಚೇರಿಯನ್ನು ಸೇರಿದರು; ಅಲ್ಲಿ ಕವಿ ಹೋಫ್‌ಮನ್‌ಸ್ಟಾಲರ ಸ್ನೇಹ ಲಭಿಸಿತು. 1923ರಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಪರವಾಗಿ ತುರ್ಕಿಗೆ ಹೋಗಿ ಗ್ರೀಕ್ ಯುದ್ಧಕೈದಿಗಳ ಸ್ಥಿತಿಗತಿಗಳನ್ನು ಕಂಡುಬಂದರು. ಮುಂದೆ ಇತಿಹಾಸದ ಪ್ರಾಧ್ಯಾಪಕರಾದರು. ಅವರ ಹೆಸರನ್ನು ಉಳಿಸಿದ ಗ್ರಂಥ ಫ್ರಾನ್ಸಿನ ಮಹಾಮಂತ್ರಿ ರಿಶೆಲ್ಯೂನ ಚರಿತ್ರೆ. ರಾಜಕಾರಣದ ಗೂಢಗಳಲ್ಲಿ ಅವರಿಗಿದ್ದ ಆಸಕ್ತಿ ಅಂಥದು.

1937ರಲ್ಲಿ ರಾಷ್ಟ್ರಸಂಘವು ಅವರನ್ನು ಡಾನ್ಸಿಗ್ ನಗರಕ್ಕೆ ತನ್ನ ಹೈಕಮಿಷನರನ್ನಾಗಿ ಕಳುಹಿಸಿತು. ಹೆಸರಿಗೆ ಅದು ಸ್ವತಂತ್ರ ನಗರ; ಆಳುತ್ತಿದ್ದವರು ನಾಜಿಗಳು. ಕಮಿಷನರ ಬೆನ್ನಿಗೆ ಸೈನ್ಯವಿರಲಿಲ್ಲ, ಮಾತಿನ ಜಾಣ್ಮೆಯೊಂದೇ ಬಲ. 1939ರ ಆಗಸ್ಟ್ 11ರಂದು ಹಿಟ್ಲರನೇ ಅವರನ್ನು ತನ್ನ ಗಿರಿನಿವಾಸಕ್ಕೆ ಕರೆಸಿಕೊಂಡನು. ಮಾತುಕತೆಯಿಂದ ಯುದ್ಧ ನಿಲ್ಲಲಿಲ್ಲ. ಸೆಪ್ಟೆಂಬರ್ 1ರಂದು ಯುದ್ಧ ಆರಂಭವಾದಾಗ ಅವರನ್ನು ಊರಿನಿಂದ ಹೊರಡಿಸಲಾಯಿತು.

ಜಿನೀವಾಕ್ಕೆ ಮರಳಿ ಅವರು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರಮುಖರಲ್ಲೊಬ್ಬರಾದರು. 1942ರ ಅಕ್ಟೋಬರ್ 14ರಂದು ಸಮಿತಿಯ ಮುಂದೆ ಒಂದು ಬಹಿರಂಗ ಮನವಿಯ ಕರಡು ಬಂದಿತು. ನಾಗರಿಕರ ಮೇಲಿನ ದೌರ್ಜನ್ಯವನ್ನು ಅದು ಖಂಡಿಸುತ್ತಿತ್ತು. ಆದರೆ ಯಹೂದ್ಯರ ಹೆಸರನ್ನು ಎತ್ತಿರಲಿಲ್ಲ. ಅಷ್ಟನ್ನಾದರೂ ಹೇಳಲೇಬೇಕೆಂದು ಮಾರ್ಗರೆಟ್ ಫ್ರಿಕ್ ಕ್ರಾಮರ್ ಮೊದಲಾದ ಮಹಿಳಾ ಸದಸ್ಯರು ವಾದಿಸಿದರು. ಸ್ವಿಸ್ ರಾಷ್ಟ್ರಾಧ್ಯಕ್ಷ ಎಟರ್ ವಿರೋಧಿಸಿದರು. ಬುರ್ಕ್‌ಹಾರ್ಟರೂ, ಬಹಿರಂಗದ ಕೂಗಿಗಿಂತ ಸರ್ಕಾರಗಳೊಡನೆ ನೇರವಾಗಿ ನಡೆಸುವ ಪ್ರಯತ್ನವೇ ಲೇಸೆಂದರು. ಮನವಿ ಹೊರಬೀಳಲಿಲ್ಲ.

ಅದು ಅಜ್ಞಾನದ ಮೌನವಾಗಿರಲಿಲ್ಲ. ಮರುತಿಂಗಳೇ ಅವರು ಅಮೆರಿಕದ ಕಾನ್ಸಲರೊಡನೆ ಖಾಸಗಿಯಾಗಿ ಮಾತನಾಡುತ್ತ, ಯಹೂದ್ಯರನ್ನು ನಿರ್ಮೂಲಗೊಳಿಸುವ ಹಿಟ್ಲರನ ಸಂಕಲ್ಪದ ಸುದ್ದಿಯನ್ನು ದೃಢಪಡಿಸಿದ್ದರು. ಯುದ್ಧಕೈದಿಗಳ ಸೇವೆಗಾಗಿ ಸಂಸ್ಥೆಗೆ ತೆರೆದಿದ್ದ ಬಾಗಿಲನ್ನು ಜರ್ಮನಿ ಮುಚ್ಚೀತೆಂಬ ಭಯ ಸಮಿತಿಯನ್ನು ಕಾಡುತ್ತಿತ್ತೆಂಬುದೂ ನಿಜವೇ.

1945ರಲ್ಲಿ ಅವರು ಸಮಿತಿಯ ಅಧ್ಯಕ್ಷರಾದರು. ಆ ಮಾರ್ಚಿಯಲ್ಲಿ ನಾಜಿ ಅಧಿಕಾರಿ ಕಾಲ್ಟನ್‌ಬ್ರುನ್ನರನನ್ನು ಕಂಡು, ಬಂದೀಶಿಬಿರಗಳಲ್ಲಿ ಯುದ್ಧ ಮುಗಿಯುವವರೆಗೆ ನೆಲಸಲು ತಮ್ಮ ಪ್ರತಿನಿಧಿಗಳಿಗೆ ಅನುಮತಿ ಪಡೆದರು. ಅದರಿಂದ ಕೆಲವರು ಬದುಕಿದರು. ಆದರೆ ಆ ಯುದ್ಧಕಾಲದಲ್ಲಿ ಹತರಾದ ಯಹೂದ್ಯರು ಸುಮಾರು 60 ಲಕ್ಷ.

ಅದೇ ವರ್ಷ ಅವರು ಪ್ಯಾರಿಸ್ಸಿನಲ್ಲಿ ತಮ್ಮ ದೇಶದ ರಾಯಭಾರದ ಹೊಣೆಯನ್ನೂ ವಹಿಸಿಕೊಂಡರು. ಅಧ್ಯಕ್ಷ ಪದವಿ 1948ರವರೆಗೆ ಮುಂದುವರಿಯಿತು. 1960ರಲ್ಲಿ ಡಾನ್ಸಿಗ್‌ನ ನೆನಪುಗಳನ್ನು ಪ್ರಕಟಿಸಿದರು. ಅದರಲ್ಲಿನ ಕೆಲವು ಸಂಗತಿಗಳನ್ನು ಇತಿಹಾಸಕಾರರು ಮುಂದೆ ಶಂಕಿಸಿದರು. 1974ರಲ್ಲಿ ಅವರು ಗತಿಸಿದ ಮೇಲೆ, ದಶಕಗಳು ಕಳೆದು, ರೆಡ್ ಕ್ರಾಸ್ ಸಮಿತಿಯೇ ಅಂದಿನ ತನ್ನ ನಡೆಯನ್ನು ನೈತಿಕ ವೈಫಲ್ಯವೆಂದು ಒಪ್ಪಿಕೊಂಡಿತು.

ಬುರ್ಕ್‌ಹಾರ್ಟರನ್ನು ಕಟುಕರೆನ್ನಲಾಗದು, ಅವರು ಸುಸಂಸ್ಕೃತರು, ದುಡಿದವರು. ಆದರೂ ಬಾಳೆಲ್ಲ ಸಾಧಿಸಿದ ಗುಣವೇ ಒಂದು ಗಳಿಗೆಯಲ್ಲಿ ಅವರ ದೋಷವಾಯಿತು. ಬಂಗಾರವಾದರೂ ಒರೆಗೆ ಹಚ್ಚಿಯೇ ತಿಳಿಯಬೇಕಷ್ಟೆ.