ಹುಳುಕಡ್ಡಿಗೆ ಹುಳು ಕಾರಣವೇ? ಸಬೂರೋ ಕಂಡ ಸತ್ಯ

ಹೆಸರಿನಲ್ಲಿ ಹುಳುವಿದ್ದರೂ ಹುಳುಕಡ್ಡಿ, ಅಂದರೆ ಗಜಕರ್ಣ, ಬರುವುದು ಶಿಲೀಂಧ್ರದಿಂದ. 1840ರ ದಶಕದಲ್ಲೇ ಡೇವಿಡ್ ಗ್ರೂಬಿ ಇದನ್ನು ತೋರಿಸಿದ್ದರೂ ಹಲವು ವೈದ್ಯರು ಒಪ್ಪಿರಲಿಲ್ಲ. ಅನುಮಾನ ಕಳೆದವರು ಫ್ರಾನ್ಸಿನ ರೇಮಂಡ್ ಸಬೂರೋ (1864–1938).

ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಅವರು ತಲೆಗೆ ಹುಳುಕಡ್ಡಿಯಾದ ಮಕ್ಕಳಿಗೆ ಚಿಕಿತ್ಸೆ ನೀಡುತ್ತಿದ್ದರು. ಸಕ್ಕರೆ, ಪೆಪ್ಟೋನ್ ಬೆರೆಸಿದ ಮಾಧ್ಯಮದಲ್ಲಿ ಶಿಲೀಂಧ್ರ ಬೆಳೆಸಿ, 1910ರ ಗ್ರಂಥದಲ್ಲಿ ಅವನ್ನು ವಿಂಗಡಿಸಿದರು. ಆ ಮಾಧ್ಯಮ ಅವರದೇ ಹೆಸರಿನಲ್ಲಿ ಇಂದಿಗೂ ಲ್ಯಾಬ್‌ಗಳಲ್ಲಿದೆ. ಕೂದಲು ಉದುರಿಸಲು ಅವರು ಬಳಸಿದ ಎಕ್ಸ್-ರೇಯಿಂದ ಕ್ಯಾನ್ಸರ್ ಅಪಾಯವಿದೆ ಎಂಬುದು ದಶಕಗಳ ನಂತರ ತಿಳಿಯಿತು.

2012ರಲ್ಲಿ ಪ್ರಕಟವಾದ ಜೀನೋಮ್ ಹೋಲಿಕೆಯಲ್ಲಿ ಈ ಶಿಲೀಂಧ್ರಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳ ಜೀನ್‌ಗಳು ಹೇರಳವಾಗಿ ಕಂಡವು. ಚರ್ಮ, ಕೂದಲು, ಉಗುರಿನ ಕೆರಾಟಿನ್ ಅವುಗಳ ಊಟ.

ಸ್ಟೀರಾಯ್ಡ್ ಕ್ರೀಮ್‌ನಿಂದ ತುರಿಕೆ ತಗ್ಗಿದರೂ ಶಿಲೀಂಧ್ರ ಸಾಯದು, ಇನ್ನಷ್ಟು ಹಬ್ಬಬಹುದು. ಚರ್ಮವೈದ್ಯರನ್ನು ಕಾಣಿ.