ಭಾವ, ಒಳನೋಟ ಮತ್ತು ನಾಯಕತ್ವ: ಶಾಂತವೇರಿ ಗೋಪಾಲಗೌಡರ ಬದುಕು

ದುಡಿಯುವ ಜನರ ನಾಯಕತ್ವವನ್ನು ಕುರಿತ ಚರ್ಚೆಗಳಲ್ಲಿ ವಿಚಾರವನ್ನು ಶಕ್ತಿಯೆಂದೂ ಭಾವವನ್ನು ದೌರ್ಬಲ್ಯವೆಂದೂ ಗ್ರಹಿಸುವ ವಾಡಿಕೆಯಿದೆ. ಕರ್ನಾಟಕದ ಸಮಾಜವಾದಿ ಚಳವಳಿಯ ಪ್ರಮುಖರಾದ ಶಾಂತವೇರಿ ಗೋಪಾಲಗೌಡರ (1923-1972) ಬದುಕು ಈ ವಿಂಗಡಣೆಯನ್ನೇ ಪ್ರಶ್ನಿಸುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸಮೀಪದ ಶಾಂತವೇರಿ ಗೌಡರ ಊರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆ ಕಂಡ ಅವರು ಮುಂದೆ ಸಮಾಜವಾದಿ ಪಕ್ಷದ ಕಾರ್ಯಕರ್ತರಾದರು. ಲೋಹಿಯಾ ಅವರ ಚಿಂತನೆ ಅವರಿಗೆ ತಾತ್ವಿಕ ನೆಲೆಯನ್ನು ಒದಗಿಸಿತು. ಆದರೆ ಆ ತತ್ತ್ವವು ಮಲೆನಾಡಿನ ಗದ್ದೆಗೆ ಇಳಿದುಬಂದದ್ದು ಗ್ರಂಥದ ದಾರಿಯಿಂದಲ್ಲ; ಗೇಣಿದಾರರ ಬದುಕನ್ನು ಒಳಗಿನಿಂದ ಬಲ್ಲ ಸಂವೇದನೆಯ ದಾರಿಯಿಂದ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹ ಇದಕ್ಕೆ ನಿದರ್ಶನ. ಗೇಣಿ ಭತ್ತವನ್ನು ಅಳೆದುಕೊಳ್ಳಲು ಭೂಮಾಲೀಕರು ಬಳಸುತ್ತಿದ್ದ ಕೊಳಗವು ನ್ಯಾಯವಾದ ಅಳತೆಗಿಂತ ದೊಡ್ಡದಾಗಿತ್ತು. ಬಹುಪಾಲು ದೀವರ ಸಮುದಾಯದವರಾಗಿದ್ದ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸಂಘಟಿತರಾಗಿ ಇದನ್ನು ಪ್ರತಿಭಟಿಸಿದರು. ಸಮಾಜವಾದಿ ಪಕ್ಷವು ಹೋರಾಟದಲ್ಲಿ ಕೈಜೋಡಿಸಿದಾಗ ಗೋಪಾಲಗೌಡರು ಅದರ ಮುಂಚೂಣಿಗೆ ಬಂದರು. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದು ಕೆಲವು ಸೇರು ಭತ್ತದ ವ್ಯಾಜ್ಯ. ಆದರೆ ಒಡೆಯರ ಎದುರು ನಿಲುವಿನಲ್ಲಿಯೂ ಮಾತಿನಲ್ಲಿಯೂ ತಗ್ಗಿ ನಡೆಯಬೇಕಾಗಿದ್ದವರಿಗೆ ಆ ಕೊಳಗವು ನಿತ್ಯದ ಅವಮಾನದ ಅಳತೆಯೂ ಆಗಿತ್ತು. ಅಳತೆಯ ಪ್ರಶ್ನೆಯ ಒಳಗೆ ಮಾನದ ಪ್ರಶ್ನೆ ಅಡಗಿದೆಯೆಂಬ ಗ್ರಹಿಕೆಯೇ ಗೌಡರ ಒಳನೋಟ. ಸ್ಥಳೀಯ ವ್ಯಾಜ್ಯವೊಂದು ಉಳುವವನೇ ಹೊಲದೊಡೆಯನಾಗಬೇಕೆಂಬ ವಿಶಾಲ ಬೇಡಿಕೆಯಾಗಿ ಬೆಳೆಯಲು ಈ ಗ್ರಹಿಕೆ ಅಗತ್ಯವಾಗಿತ್ತು.

ಇಲ್ಲಿ ಗಮನಾರ್ಹವಾದುದು ಭಾವದ ಸಂಯಮ. ನೇಗಿಲು ಹಿಡಿದು ಗದ್ದೆಗಿಳಿದ ಸತ್ಯಾಗ್ರಹಿಗಳು ತಂಡತಂಡವಾಗಿ ಬಂಧನಕ್ಕೊಳಗಾದರು, ಮಹಿಳೆಯರೂ ಹಿಂದುಳಿಯಲಿಲ್ಲ. ಜೂನ್‌ನಲ್ಲಿ ಕಾಗೋಡಿಗೆ ಬಂದ ಲೋಹಿಯಾ ಅವರೂ ಬಂಧಿತರಾದರು. ಸಿಟ್ಟು ಸಹಜವಾಗಿದ್ದ ಸನ್ನಿವೇಶದಲ್ಲಿ ಅದನ್ನು ಹಿಂಸೆಗೆ ಹರಿಯಗೊಡದೆ ಸೆರೆಮನೆಗೆ ನಡೆಯುವ ಧೈರ್ಯವನ್ನಾಗಿ ಮಾರ್ಪಡಿಸುವುದು ಕೇವಲ ಆಜ್ಞೆಯಿಂದ ಆಗುವ ಕೆಲಸವಲ್ಲ. ಜನರ ಕೋಪವನ್ನು ತನ್ನದೆಂದು ಅನುಭವಿಸಬಲ್ಲವನ ಮಾತಿಗೆ ಮಾತ್ರ ಜನ ತಮ್ಮ ಕೋಪವನ್ನು ತಡೆದುಕೊಳ್ಳುತ್ತಾರೆ.

1952ರ ಚುನಾವಣೆಯಲ್ಲಿ ಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಆಯ್ಕೆಯಾದರು. ಮತದಾರರಿಂದ ಮತದೊಂದಿಗೆ ಒಂದು ನೋಟನ್ನೂ ಕೇಳಿ ನಡೆಸಿದ ಪ್ರಚಾರ ಅದು. ಹಣ ಸಂಗ್ರಹದ ಉಪಾಯವಾಗಿ ಮಾತ್ರ ಇದನ್ನು ಕಾಣುವಂತಿಲ್ಲ. ಕೊಡುವವನ ಸ್ಥಾನದಲ್ಲಿ ಬಡ ರೈತನನ್ನು ನಿಲ್ಲಿಸಿದ ಕ್ರಮವದು. ಮುಂದೆ 1962 ಮತ್ತು 1967ರಲ್ಲಿ ಅವರು ತೀರ್ಥಹಳ್ಳಿಯಿಂದ ಗೆದ್ದರು. ವಿಧಾನಸಭೆಯಲ್ಲಿ ಭೂಸುಧಾರಣೆ, ಕನ್ನಡದ ಬಳಕೆ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಇವುಗಳಿಗಾಗಿ ವಾದಿಸಿದರು.

ಆದರೆ ಭಾವಪ್ರಧಾನ ನಾಯಕತ್ವದ ಮಿತಿಗಳನ್ನೂ ಈ ಬದುಕು ತೋರಿಸುತ್ತದೆ. ಗದ್ದೆಯಲ್ಲಿ ಹತೋಟಿಯಲ್ಲಿದ್ದ ಕೋಪ ಸದನದಲ್ಲಿ ಹಲವು ಬಾರಿ ಹತೋಟಿ ಮೀರಿತು. ಒಬ್ಬ ವ್ಯಕ್ತಿಯ ಸಂವೇದನೆಯನ್ನು ಹೆಚ್ಚಾಗಿ ಆಶ್ರಯಿಸಿದ ಚಳವಳಿಗೆ, ಆ ವ್ಯಕ್ತಿ ಅನಾರೋಗ್ಯಕ್ಕೆ ತುತ್ತಾದಾಗ ಆಸರೆ ಕುಗ್ಗುತ್ತದೆ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ಯ ನಾಯಕನ ಹಿಂದೆ ಗೌಡರ ನೆರಳಿರುವುದನ್ನು ವಿಮರ್ಶಕರು ಗುರುತಿಸಿದ್ದಾರೆ, ಅಲ್ಲಿಯೂ ನೈತಿಕ ಆವೇಶ ಮತ್ತು ಅಧಿಕಾರದ ಮುಖಾಮುಖಿಯೇ ಕೇಂದ್ರ.

ಗೌಡರು 1972ರ ಜೂನ್ 9ರಂದು, 49ರ ವಯಸ್ಸಿನಲ್ಲಿ ನಿಧನರಾದರು. ರಾಜ್ಯ 1973ರಲ್ಲಿ ಕರ್ನಾಟಕವಾಯಿತು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತು. ಕಾಗೋಡಿನ ಬೇಡಿಕೆ ಕಾನೂನಾಗಲು 23 ವರ್ಷಗಳು ಬೇಕಾದವು. ಈ ವಿಳಂಬದ ಬೆಲೆಯನ್ನು ಅರಿಯಲು ಅದೇ ತಾಲ್ಲೂಕಿನ ತುಮರಿಯ ಕಡೆ ನೋಡಬೇಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿ ಕಣಿವೆಯ ಗದ್ದೆಗಳು ಮುಳುಗಿದವು. ಹಿನ್ನೀರಿನಾಚೆ ಉಳಿದ ತುಮರಿಯ ಜನ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಸಾಗರ ತಲುಪಲು ಲಾಂಚನ್ನು ಅವಲಂಬಿಸಿದ್ದರು. ಉಳುವವನಿಗೆ ಭೂಮಿ ಕೊಡುವ ಕಾನೂನು ಬರುವ ಹತ್ತು ವರ್ಷ ಮೊದಲೇ ಆ ಕಣಿವೆಯ ಗೇಣಿದಾರ ಉತ್ತ ನೆಲ ನೀರಿನಡಿ ಸೇರಿತ್ತು.

ಆದ್ದರಿಂದ ಗೋಪಾಲಗೌಡರ ಒಳನೋಟವನ್ನು ಭಾವುಕತೆಯೆಂದು ಬದಿಗಿಡುವುದು ಸಾಧುವಲ್ಲ. ಕೊಳಗದಲ್ಲಿದ್ದ ಅನ್ಯಾಯವನ್ನು ಅವರ ಸಂವೇದನೆ 1951ರಲ್ಲೇ ಗುರುತಿಸಿತ್ತು. ವ್ಯವಸ್ಥೆಯ ವಿವೇಕ ಅಲ್ಲಿಗೆ ತಲುಪುವ ವೇಳೆಗೆ ಕೆಲವರ ಪಾಲಿಗೆ ಕಾಲ ಮೀರಿತ್ತು.